ಬುದ್ಧಿ ಒಂದು, ಕೌಶಲ ಏಳು

ನನ್ನ ಬೋಧನಾಭ್ಯಾಸದ ಹದಿಮೂರನೆಯ ಪಾಠ ಚೆನ್ನಾಗಿ ನಡೆಯಿತು ಎಂದು ವೀಕ್ಷಣಾ ಪುಸ್ತಕದಲ್ಲಿ ದಾಖಲಾಗಿದೆ. "ವಿದ್ಯಾರ್ಥಿಗಳ ಭಾಗವಹಿಸುವಿಕೆ ಉತ್ತಮ. ಚಟುವಟಿಕೆ ಹೊಸತನದಿಂದ ಕೂಡಿದೆ. ಕಪ್ಪುಹಲಗೆಯ ಬಳಕೆ ಇನ್ನೂ ಸುಧಾರಿಸಬೇಕು." ಆ ಪಾಠದಲ್ಲಿ ನಾನೊಂದು ತಪ್ಪು ಮಾಡಿದೆ. ವೀಕ್ಷಣಾ ಪಟ್ಟಿಯ ಯಾವ ಕಾಲಂನಲ್ಲೂ ಅದು ಬೀಳುವುದಿಲ್ಲ. ಹಾಗಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ವರ್ಷ ಇದೇ ಘಟಕವನ್ನು ಆಟದ ಮೂಲಕ ಮಾಡಲು ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದು.

ಶಾಲೆ ಇರುವುದು ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ. ಒಂಬತ್ತನೆಯ ತರಗತಿಯಲ್ಲಿ 31 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಫಿ ತೋಟಗಳ ಲೈನ್ ಮನೆಗಳಿಂದ ಬರುವವರು. ನಾನು ಹೋದದ್ದು ಡಿಸೆಂಬರಿನಲ್ಲಿ, ಅರೇಬಿಕಾ ಕುಯ್ಲು ನಡೆಯುತ್ತಿದ್ದ ಹೊತ್ತಿನಲ್ಲಿ. ಆ ದಿನಗಳಲ್ಲಿ ಹಾಜರಿ ಪುಸ್ತಕ ನೋಡಿದರೆ ಯಾವ ತೋಟದಲ್ಲಿ ಕೆಲಸ ಜೋರಾಗಿದೆ ಎಂದು ಹೇಳಿಬಿಡಬಹುದು. ದೊಡ್ಡವರು ಕುಯ್ಲಿಗೆ ಹೋದಾಗ ಚಿಕ್ಕವರನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಉಳಿಯಬೇಕಾಗುತ್ತದೆ.

ನನಗೆ ಸಿಕ್ಕಿದ ಘಟಕ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳು. ಪಠ್ಯಪುಸ್ತಕದ ಉದಾಹರಣೆಗಳಿಗಿಂತ ಬೇರೆ ಏನಾದರೂ ಬೇಕು ಎಂದು ಹುಡುಕುವಾಗ ಬಿ.ಎಸ್ಸಿ. ಓದುವಾಗ ಹಾಸ್ಟೆಲ್ಲಿನಲ್ಲಿ ಗೆಳೆಯನ ಹಳೆಯ ಲ್ಯಾಪ್‌ಟಾಪಿನಲ್ಲಿ ಆಡುತ್ತಿದ್ದ ಒಂದು ಆಟ ನೆನಪಾಯಿತು. 1997ರಲ್ಲಿ ಬಂದ ‘ಫಾಲ್‌ಔಟ್’. ಇಂಥವನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾವು ಬೋಧನಾ ವಿಧಾನಗಳ ಪಟ್ಟಿಯಲ್ಲಿ ಓದುವ ಪಾತ್ರಾಭಿನಯಕ್ಕೂ ಇದಕ್ಕೂ ಹತ್ತಿರದ ನಂಟಿದೆ. ವ್ಯತ್ಯಾಸವೆಂದರೆ ಇಲ್ಲಿ ಪಾತ್ರವನ್ನು ಮೊದಲು ಅಂಕಿಗಳಲ್ಲಿ ಕಟ್ಟಬೇಕು. ಶಕ್ತಿ, ಗ್ರಹಿಕೆ, ತಾಳಿಕೆ, ವರ್ಚಸ್ಸು, ಬುದ್ಧಿ, ಚುರುಕುತನ, ಅದೃಷ್ಟ ಎಂಬ ಏಳು ಮೂಲ ಗುಣಗಳಿಗೆ ತಲಾ 5 ಅಂಕ ಮೊದಲೇ ಇರುತ್ತದೆ. ಮೇಲೆ 5 ಅಂಕ ಕೊಟ್ಟು ಬೇಕಾದಲ್ಲಿ ಹಾಕಿಕೋ ಎನ್ನುತ್ತಾರೆ. ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಲೂಬಹುದು. ಯಾವ ಗುಣವೂ 1ಕ್ಕಿಂತ ಕಡಿಮೆ ಆಗುವಂತಿಲ್ಲ, 10ಕ್ಕಿಂತ ಹೆಚ್ಚಾಗುವಂತಿಲ್ಲ.

ಪಾತ್ರ ಒಂದೊಂದು ಹಂತ ಮೇಲೇರಿದಾಗಲೂ ಕೌಶಲಾಂಕಗಳು ಸಿಗುತ್ತವೆ. ಬೀಗ ತೆಗೆಯುವುದು, ಗಾಯಕ್ಕೆ ಔಷಧ ಮಾಡುವುದು, ಮಾತಿನಲ್ಲಿ ಒಪ್ಪಿಸುವುದು, ಯಂತ್ರ ರಿಪೇರಿ ಮುಂತಾದ ಕೌಶಲಗಳಿಗೆ ಅವನ್ನು ಹಂಚಬೇಕು. ಎಷ್ಟು ಅಂಕ ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಬುದ್ಧಿ. ಸೂತ್ರ ಇಷ್ಟೇ: ಬುದ್ಧಿಯ ಎರಡರಷ್ಟು, ಅದಕ್ಕೆ ಐದು ಕೂಡಿಸು. ಕೌಶಲಾಂಕವನ್ನು ‘ಕೌ’ ಎಂದೂ ಬುದ್ಧಿಯನ್ನು ‘ಬು’ ಎಂದೂ ಕರೆದರೆ,

ಕೌ = 2 × ಬು + 5

ಒಂಬತ್ತನೆಯ ತರಗತಿಗೆ ಹೇಳಿ ಮಾಡಿಸಿದ ಸಮೀಕರಣ. ಬು 1 ಆದರೆ ಕೌ 7, ಬು 10 ಆದರೆ ಕೌ 25. ಹತ್ತು ಬಿಂದುಗಳು, ಒಂದು ಸರಳರೇಖೆ. ಹಾಸ್ಟೆಲ್ಲಿನಲ್ಲಿ ಹೊಸದಾಗಿ ಆಡಲು ಕೂತವರಿಗೆಲ್ಲ ಹಿರಿಯರು ಕೊಡುತ್ತಿದ್ದ ಬುದ್ಧಿವಾದ ಒಂದೇ: "ಬುದ್ಧಿ ಜಾಸ್ತಿ ಇಟ್ಕೋ ಮಾರಾಯ, ಉಳಿದದ್ದೆಲ್ಲ ತಾನಾಗಿ ಬರುತ್ತೆ." ಆ ಆಟದಲ್ಲಿ ಬುದ್ಧಿಯನ್ನು ತೀರಾ ಕೆಳಗಿಟ್ಟರೆ ಪಾತ್ರ ಸರಿಯಾಗಿ ಮಾತನ್ನೇ ಆಡುವುದಿಲ್ಲ. ತೊದಲುತ್ತದೆ, ಎದುರಿನವರು ಅದನ್ನು ಅಟ್ಟುತ್ತಾರೆ. ನಾವು ಬೇಕೆಂದೇ ಹಾಗೆ ಇಟ್ಟು ಆಡಿ ನಕ್ಕದ್ದೂ ಉಂಟು.

ಪಾಠಯೋಜನೆಯನ್ನು ಐದು ಹಂತಗಳಲ್ಲಿ ಬರೆದೆ. ತೊಡಗಿಸುವ ಹಂತದಲ್ಲಿ ಪ್ರತಿ ಮಗುವೂ ತನ್ನದೊಂದು ಪಾತ್ರ ಕಟ್ಟಬೇಕು, ಅನ್ವೇಷಣೆಯಲ್ಲಿ ತನ್ನ ಕೌಶಲಾಂಕ ಲೆಕ್ಕ ಹಾಕಿ ನಕ್ಷಾಹಾಳೆಯಲ್ಲಿ ಗುರುತಿಸಬೇಕು. ಏಳು ಗುಣಗಳ ಹಂಚಿಕೆಗೆ ಸಮಯ ಸಾಲದು ಎಂದು ನಾನೊಂದು ಬದಲಾವಣೆ ಮಾಡಿದೆ. ಬುದ್ಧಿಯೊಂದನ್ನೇ ಉಳಿಸಿಕೊಂಡು, ಅದನ್ನು ಚೀಟಿ ಎತ್ತಿ ತೀರ್ಮಾನಿಸುವುದು ಎಂದಿಟ್ಟೆ. 1ರಿಂದ 10ರವರೆಗಿನ ಚೀಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ತರಗತಿಯಲ್ಲಿ ತಿರುಗಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ. ಒಂಬತ್ತು ಎತ್ತಿದ ಹುಡುಗಿ ಎದ್ದು ನಿಂತು ತೋರಿಸಿದಳು.

ಕೊನೆಯ ಬೆಂಚಿನ ಹುಡುಗನಿಗೆ ಬಂದದ್ದು 1. ಅವನ ಹೆಸರು ಇಲ್ಲಿ ಬೇಡ. ಆಗಸ್ಟಿನಲ್ಲಿ ಇನ್ನೊಂದು ತೋಟದ ಕಡೆಯಿಂದ ಬಂದು ಸೇರಿದವನು. ನಿಧಾನಗತಿಯ ಕಲಿಕೆಯವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಪಟ್ಟಿ ಗೋಡೆಗೆ ಹಾಕಿದ್ದಲ್ಲವಾದರೂ ಅದರಲ್ಲಿ ಯಾರಿದ್ದಾರೆ ಎಂದು ತರಗತಿಗೆಲ್ಲ ಗೊತ್ತು. ಪಕ್ಕದವನು ಚೀಟಿ ಇಣುಕಿ ನೋಡಿ, "ಸರಿಯಾದೋನಿಗೇ ಸಿಕ್ತು ನೋಡಿ ಸರ್" ಎಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಗಟ್ಟಿಯಾಗಿ ಅಲ್ಲ, ಆದರೆ ನಕ್ಕೆ. ಆಮೇಲೆ ಪಾಠ ಮುಂದುವರಿಸಿದೆ. ಬು 9 ಇದ್ದವಳಿಗೆ ಒಂದು ಹಂತಕ್ಕೆ 23, ಬು 1 ಇದ್ದವನಿಗೆ 7. ಹತ್ತು ಹಂತ ಏರಿದ ಮೇಲೆ ಇಬ್ಬರ ನಡುವಿನ ಅಂತರ ಎಷ್ಟು ಎಂದು ಕೇಳಿದೆ. 160 ಎಂದು ಕೋರಸ್ಸಿನಲ್ಲಿ ಉತ್ತರ ಬಂತು. ಅದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದೆ. ಗಣಿತದ ಮಟ್ಟಿಗೆ ಅದು ಒಳ್ಳೆಯ ಪ್ರಶ್ನೆಯೇ.

ಸಂಜೆ ಹಾಳೆಗಳನ್ನು ನೋಡುತ್ತ ಕೂತೆ. 30 ಹಾಳೆಗಳಲ್ಲಿ ಹೆಸರಿತ್ತು. ಒಂದರಲ್ಲಿ ಇರಲಿಲ್ಲ. ಅಕ್ಷಗಳು ನೇರವಾಗಿದ್ದವು, ಪ್ರಮಾಣ ಬರೆದಿತ್ತು, ಬಿಂದುಗಳು ಸರಿಯಾದ ಜಾಗದಲ್ಲಿದ್ದವು. ‘ಪಾತ್ರದ ಹೆಸರು’ ಎಂಬಲ್ಲಿ ಖಾಲಿ, ‘ವಿದ್ಯಾರ್ಥಿಯ ಹೆಸರು’ ಎಂಬಲ್ಲಿ ಖಾಲಿ. ಯಾರದ್ದೆಂದು ಹುಡುಕಬೇಕಾಗಿರಲಿಲ್ಲ.

ಮರುದಿನ ಅವನು ಬರಲಿಲ್ಲ. ನನ್ನಿಂದಲೇ ಎಂದುಕೊಂಡೆ. ಮಾರ್ಗದರ್ಶಕ ಶಿಕ್ಷಕಿಯವರಿಗೆ ನಡೆದದ್ದೆಲ್ಲ ಹೇಳಿದೆ. ಅವರು, "ಅಷ್ಟು ದೊಡ್ಡದು ಮಾಡ್ಕೋಬೇಡಿ. ಅವನ ತಂಗಿಗೆ ಜ್ವರ, ಅಮ್ಮ ಕುಯ್ಲಿಗೆ ಹೋಗಬೇಕು, ಅದಕ್ಕೆ ಬಂದಿಲ್ಲ. ಆದರೆ ಹೆಸರು ಬರೆಯದೆ ಕೊಟ್ಟದ್ದು ಮಾತ್ರ ನಿಮ್ಮಿಂದಲೇ" ಎಂದರು. ಸ್ವಲ್ಪ ತಡೆದು, "ಆಟದಲ್ಲಿ ಬುದ್ಧಿ ಯಾರು ಹಂಚ್ತಾರೆ?" ಎಂದು ಕೇಳಿದರು. ಆಡುವವರೇ ಎಂದೆ. "ನಿಮ್ಮ ತರಗತಿಯಲ್ಲಿ?" ಎಂದರು.

ಮೂಲ ಆಟದಲ್ಲಿ ಇದ್ದದ್ದು ಆಯ್ಕೆ. ಬುದ್ಧಿಗೆ 1 ಇಟ್ಟವನಿಗೆ ಆ ಅಂಕಗಳು ಶಕ್ತಿಯಲ್ಲೋ ಚುರುಕಿನಲ್ಲೋ ಇರುತ್ತವೆ. ಎಲ್ಲರ ಮೊತ್ತವೂ 40. ನಾನು ಆರು ಗುಣಗಳನ್ನು ಕಿತ್ತು ಹಾಕಿ, ಉಳಿದ ಒಂದನ್ನು ಚೀಟಿಗೆ ಕೊಟ್ಟು, ಅದನ್ನು ಮಗುವಿನ ಹಣೆಗೆ ಅಂಟಿಸಿದ್ದೆ. ಸಮಯದ ಅಭಾವದಿಂದ ಮಾಡಿದ ಸಣ್ಣ ಬದಲಾವಣೆ ಎಂದು ನಾನು ಭಾವಿಸಿದ್ದು ಆಟದ ನ್ಯಾಯವನ್ನೇ ತೆಗೆದುಹಾಕಿತ್ತು.

ಆ ವಾರ ನಮ್ಮ ಕಾಲೇಜಿನ ಮನೋವಿಜ್ಞಾನದ ಟಿಪ್ಪಣಿಗಳನ್ನು ಮತ್ತೆ ತೆರೆದೆ. ಬುದ್ಧಿಲಬ್ಧವೆಂದರೆ ಮಾನಸಿಕ ವಯಸ್ಸನ್ನು ಕಾಲಿಕ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದ್ದು ಎಂದು ಬಾಯಿಪಾಠ ಮಾಡಿದ್ದೆವು. ಆಲ್ಫ್ರೆಡ್ ಬಿನೆ 1905ರಲ್ಲಿ ಸೈಮನ್ ಜೊತೆ ಮೊದಲ ಮಾಪನವನ್ನು ಮಾಡಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ನೆರವು ಕೊಡಲಿಕ್ಕೆ, ನೆರವು ನಿಲ್ಲಿಸಲಿಕ್ಕಲ್ಲ. ಬುದ್ಧಿ ಹುಟ್ಟಿನಿಂದಲೇ ಗೊತ್ತಾದ, ಬದಲಾಗದ ಮೊತ್ತ ಎಂಬ ಮಾತನ್ನು ಅವರು ಒಪ್ಪಿರಲಿಲ್ಲ. ಆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್. 1940ರಲ್ಲಿ ಅವರ ಪುಸ್ತಕ ಬಂತು. ‘ಬಿನೆ-ಕಾಮತ್ ಪರೀಕ್ಷೆ’ ಎಂದು ನಾವು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವುದು ಅದನ್ನೇ. ಒಂದು ಅಂಕಿಯಿಂದ ಏನು ಮಾಡಬೇಕು ಎಂಬುದು ಆ ಅಂಕಿಯೊಳಗೆ ಇರುವುದಿಲ್ಲ. ಅದನ್ನು ಬಳಸುವವರು ತೀರ್ಮಾನಿಸುತ್ತಾರೆ. ನಾನು ಬಳಸಿದ ರೀತಿಯನ್ನು ಮೇಲೆ ಹೇಳಿದ್ದೇನೆ.

ಮತ್ತೊಮ್ಮೆ ಪಾಠ ಮಾಡಲು ಮಾರ್ಗದರ್ಶಕರು ಒಂದು ಅವಧಿ ಬಿಟ್ಟುಕೊಟ್ಟರು. ಆಟವನ್ನೇ ಕೈಬಿಡೋಣ ಎಂದುಕೊಂಡಿದ್ದೆ. ಅವರು, "ಬಿಡಬೇಡಿ. ಬಿಟ್ಟರೆ ಮಕ್ಕಳಿಗೆ ಉಳಿಯೋದು ಆ 160 ಮಾತ್ರ" ಎಂದರು. ಹಾಗಾಗಿ ಇನ್ನೊಂದು ಆಟದ ಲೆಕ್ಕ ತಂದೆ.

ಇಂಥ ಆಟಗಳಿಗೆಲ್ಲ ಮೂಲವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದವರು. ಕಂಪ್ಯೂಟರ್ ಬೇಡ, ಕಾಗದ, ಪೆನ್ಸಿಲ್, ದಾಳ ಸಾಕು. ಅದರ ಮೂರನೆಯ ಆವೃತ್ತಿ 2000ದಲ್ಲಿ ಬಂತು, 2003ರಲ್ಲಿ ಪರಿಷ್ಕೃತವಾಯಿತು. ಕೌಶಲಾಂಕದ ಲೆಕ್ಕ ಅಲ್ಲಿ ಮೂರು ಮೆಟ್ಟಿಲಿನದು. ಮೊದಲು ಬುದ್ಧಿಯ ಅಂಕದಿಂದ 10 ಕಳೆದು ಎರಡರಿಂದ ಭಾಗಿಸಬೇಕು, ಅರ್ಧ ಉಳಿದರೆ ಕೆಳಗಿನ ಪೂರ್ಣಾಂಕ ತೆಗೆದುಕೊಳ್ಳಬೇಕು. ಬಂದದ್ದು ಬುದ್ಧಿಯ ಹೆಚ್ಚುವರಿ, ಅದು ಋಣವೂ ಆಗಬಹುದು. ಎರಡನೆಯದಾಗಿ, ಪಾತ್ರದ ವೃತ್ತಿಗೆ ಇರುವ ಮೂಲ ಅಂಕಕ್ಕೆ ಅದನ್ನು ಕೂಡಿಸಬೇಕು. ಮೂರನೆಯದಾಗಿ, ಮೊದಲ ಹಂತದಲ್ಲಿ ಮಾತ್ರ ಬಂದದ್ದನ್ನು ನಾಲ್ಕರಿಂದ ಗುಣಿಸಬೇಕು. ಆಮೇಲಿನ ಹಂತಗಳಲ್ಲಿ ಗುಣಿಸುವಂತಿಲ್ಲ. ಮನುಷ್ಯ ಪಾತ್ರಗಳಿಗೆ ಇನ್ನೊಂದಿಷ್ಟು ಹೆಚ್ಚು ಸಿಗುತ್ತದೆ. ಅದನ್ನು ನಾನು ತರಗತಿಯಲ್ಲಿ ಬಿಟ್ಟೆ.

ಈ ಸಲ ಯಾವ ಮಗುವಿಗೂ ಅಂಕ ಅಂಟಿಸಲಿಲ್ಲ. ಚಾರ್ಟಿನ ಮೇಲೆ ನಾಲ್ಕು ಪಾತ್ರಗಳನ್ನು ಬರೆದೆ. ಮಾಂತ್ರಿಕ: ವೃತ್ತಿಯ ಮೂಲ ಅಂಕ 2, ಬುದ್ಧಿ 18. ಬೀಗ ತೆಗೆಯುವ, ಸದ್ದಿಲ್ಲದೆ ನಡೆಯುವ ಚಾಲಾಕಿ: ಮೂಲ ಅಂಕ 8, ಬುದ್ಧಿ 8. ಕಾಡು ಬಲ್ಲ ಶಿಕಾರಿ: ಮೂಲ ಅಂಕ 6, ಬುದ್ಧಿ 7. ಕಾದಾಳು: ಮೂಲ ಅಂಕ 2, ಬುದ್ಧಿ 5. ಬುದ್ಧಿಯ ಅಂಕಗಳು ನಾನು ಹಾಕಿದ್ದು, ಮೂಲ ಅಂಕಗಳು ಆಟದವು. ಗುಂಪುಗಳು ಬೇಕಾದ ಪಾತ್ರ ಆರಿಸಿಕೊಂಡವು. ನಮ್ಮ ಹುಡುಗನ ಗುಂಪಿಗೆ ಕೊನೆಯಲ್ಲಿ ಉಳಿದದ್ದು ಕಾದಾಳು.

ಮೊದಲ ತೊಡಕು ಶಿಕಾರಿಯಲ್ಲಿ ಬಂತು. 7ರಿಂದ 10 ಕಳೆದರೆ −3, ಅದರ ಅರ್ಧ −1.5. ಕೆಳಗಿನ ಪೂರ್ಣಾಂಕ ಯಾವುದು? ಬಹುತೇಕ ಎಲ್ಲ ಗುಂಪುಗಳೂ −1 ಎಂದವು. "ಪಾಯಿಂಟ್ ಆದಮೇಲಿರೋದು ಬಿಟ್ಟುಬಿಡೋದು ಸರ್." ಧನ ಸಂಖ್ಯೆಗಳಲ್ಲಿ ಆ ಅಭ್ಯಾಸ ಸರಿಯಾದ ಉತ್ತರ ಕೊಡುತ್ತದೆ, ಋಣ ಸಂಖ್ಯೆಗೆ ಬಂದಾಗ ಕೈಕೊಡುತ್ತದೆ. ನಾನು ಅಡ್ಡ ಸಂಖ್ಯಾರೇಖೆ ಎಳೆದು ವಿವರಿಸಿದೆ. ತಲೆಗಳು ಅಲ್ಲಾಡಿದವು, ಅರ್ಥವಾದಂತೆ ಕಾಣಲಿಲ್ಲ. ರೇಖೆಯನ್ನು ಉದ್ದಕ್ಕೆ ನಿಲ್ಲಿಸಿ ಎಳೆದೆ. ನಮ್ಮ ಕಡೆ ಮನೆಗಳಿರುವುದೇ ಹಾಗೆ, ರಸ್ತೆಯಿಂದ ಮೇಲೆ ಕೆಲವು, ಕೆಳಗೆ ಕೆಲವು. ರಸ್ತೆ ಸೊನ್ನೆ. −1.5 ಎಂದರೆ ಕೆಳಗಿನ ಮೊದಲ ಲೈನಿಗೂ ಎರಡನೆಯ ಲೈನಿಗೂ ನಡುವೆ ನಿಂತ ಹಾಗೆ ಎಂದೆ. ಕೊನೆಯ ಬೆಂಚಿನಿಂದ ಉತ್ತರ ಬಂತು: "ಅರ್ಧದಲ್ಲಿ ಮನೆ ಇಲ್ಲ ಸರ್. ಇಳೀಬೇಕು ಅಂದ್ರೆ ಎರಡನೇ ಲೈನಿಗೇ ಇಳೀಬೇಕು." −2. ಆ ವಿವರಣೆಯನ್ನು ನಾನು ಈಗ ಎಲ್ಲ ಕಡೆ ಬಳಸುತ್ತೇನೆ.

ಎರಡನೆಯ ತೊಡಕು ಕಾದಾಳುವಿನದು. 5ರಿಂದ 10 ಕಳೆದು ಅರ್ಧ ಮಾಡಿದರೆ −2.5, ಕೆಳಕ್ಕಿಳಿದರೆ −3. ಮೂಲ ಅಂಕ 2ಕ್ಕೆ ಕೂಡಿಸಿದರೆ −1. ಒಬ್ಬಳು ಎದ್ದು ನಿಂತು, "ಮೈನಸ್ ಒಂದು ಕೌಶಲ ಅಂದ್ರೇನು ಸರ್? ಗೊತ್ತಿದ್ದದ್ದೂ ಮರೆತು ಹೋಗುತ್ತಾ?" ಎಂದು ಕೇಳಿದಳು. ಆಟ ರೂಪಿಸಿದವರಿಗೂ ಈ ಪ್ರಶ್ನೆ ಎದುರಾಗಿತ್ತು. ಅವರು ಒಂದು ನಿಯಮ ಸೇರಿಸಿದ್ದಾರೆ: ಬುದ್ಧಿ ಎಷ್ಟೇ ಕಡಿಮೆ ಇರಲಿ, ಪ್ರತಿ ಹಂತಕ್ಕೆ ಕನಿಷ್ಠ 1 ಅಂಕ, ಮೊದಲ ಹಂತದಲ್ಲಿ ಕನಿಷ್ಠ 4 ಅಂಕ ಸಿಕ್ಕೇ ಸಿಗಬೇಕು.

ಹಲಗೆಯ ಮೇಲೆ ಉತ್ತರಗಳನ್ನು ಸಾಲಾಗಿ ಬರೆದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಒಂದೊಂದು ಹಂತಕ್ಕೆ ಮಾಂತ್ರಿಕನಿಗೆ 6, ಚಾಲಾಕಿಗೆ 7, ಶಿಕಾರಿಗೆ 4, ಕಾದಾಳುವಿಗೆ 1. ಮೊದಲ ಹಂತದಲ್ಲಿ 24, 28, 16, 4. ಬುದ್ಧಿ 18 ಇರುವವನಿಗಿಂತ ಬುದ್ಧಿ 8 ಇರುವವನಿಗೆ ಹೆಚ್ಚು! "ಲೆಕ್ಕ ತಪ್ಪಿದೆ ಸರ್" ಎಂದು ಮುಂದಿನ ಬೆಂಚಿನವರು ಎರಡು ಸಲ ಮಾಡಿ ನೋಡಿದರು. ತಪ್ಪಿರಲಿಲ್ಲ. ಬುದ್ಧಿ ಸೂತ್ರದ ಒಂದು ಪದ ಅಷ್ಟೆ, ಇನ್ನೊಂದು ಪದ ವೃತ್ತಿಯ ಮೂಲ ಅಂಕ. ಯಾವ ವೃತ್ತಿಯಲ್ಲಿ ಬೆಳೆದಿದ್ದಾನೆ, ಅಲ್ಲಿ ಎಷ್ಟು ಕಲಿಸುತ್ತಾರೆ ಎಂಬುದು ಅಲ್ಲಿ ಸೇರುತ್ತದೆ. ಮಾಂತ್ರಿಕನಿಗೆ ಅನ್ಯಾಯವಾಗಿಲ್ಲ, ಅವನ ಬುದ್ಧಿಯ ಫಲ ಮಂತ್ರಗಳಲ್ಲಿ ಬೇರೆ ಸಿಗುತ್ತದೆ ಎಂಬುದನ್ನೂ ಹೇಳಿದೆ. ಫಾಲ್‌ಔಟ್‌ನ ಸಮೀಕರಣಕ್ಕೆ ಹಿಂತಿರುಗಿ, ಅಲ್ಲಿನ 5ನ್ನು ಸುತ್ತು ಹಾಕಿ ತೋರಿಸಿದೆ. ರೇಖೆ ಮೂಲಬಿಂದುವಿನಿಂದ ಹೊರಡುವುದಿಲ್ಲ, 5ರಿಂದ ಹೊರಡುತ್ತದೆ. ಮೊದಲ ಪಾಠದಲ್ಲಿ ನಾನು ಮಾತಾಡಿದ್ದು ಸಹಗುಣಕವಾದ 2ರ ಬಗ್ಗೆ ಮಾತ್ರ, ಸ್ಥಿರಾಂಕವಾದ 5ರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಪಾಠದ ನಿಜವಾದ ಗಣಿತ ಬಂದದ್ದು ಆಮೇಲೆ. ಈ ಆಟದಲ್ಲಿ ಒಂದು ಕೌಶಲಕ್ಕೆ ಎಷ್ಟು ಬೇಕಾದರೂ ಅಂಕ ಸುರಿಯುವಂತಿಲ್ಲ. ತನ್ನ ವೃತ್ತಿಗೆ ಸೇರಿದ ಕೌಶಲಕ್ಕೆ ಮಿತಿ ಎಂದರೆ ಪಾತ್ರದ ಹಂತಕ್ಕೆ 3 ಕೂಡಿಸಿದಷ್ಟು. ಒಂದನೆಯ ಹಂತದಲ್ಲಿ 4, ಹತ್ತನೆಯ ಹಂತದಲ್ಲಿ 13. ಕಾದಾಳುವಿನ ಒಟ್ಟು ಅಂಕ ಎಷ್ಟು ಎಂದು ಅವರ ಗುಂಪಿಗೆ ಕೊಟ್ಟೆ. ಮೊದಲು 4, ಆಮೇಲೆ ಹಂತಕ್ಕೆ ಒಂದರಂತೆ 5, 6, 7. ಹತ್ತನೆಯ ಹಂತಕ್ಕೆ 13. ಹುಡುಗ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡುತ್ತಿದ್ದ. ಬೆರಳಿಟ್ಟು, "ಎರಡೂ ಒಂದೇ ಸರ್. ಅವನಿಗೆ ಒಂದು ವಿದ್ಯೆ ಪೂರ್ತಿ ಬರುತ್ತೆ" ಎಂದ.

ಉಳಿದವರಿಗೂ ಅದೇ ಲೆಕ್ಕ ಮಾಡಿಸಿದೆ. ಮಾಂತ್ರಿಕನಿಗೆ ಹತ್ತನೆಯ ಹಂತಕ್ಕೆ 24ಕ್ಕೆ 54 ಸೇರಿ 78. ಅದು 6 ಸಲ 13. ಚಾಲಾಕಿಗೆ 28ಕ್ಕೆ 63 ಸೇರಿ 91, ಅದು 7 ಸಲ 13. ಹಂತಕ್ಕೆ ಸಿಗುವ ಅಂಕ ‘ಅ’, ಹಂತ ‘ಹ’ ಆದರೆ ಒಟ್ಟು 4ಅ + (ಹ − 1)ಅ. ಅ ಸಾಮಾನ್ಯ ಅಪವರ್ತನ, ಹೊರಗೆ ತೆಗೆದರೆ ಅ × (ಹ + 3). ಆವರಣದೊಳಗಿರುವುದೇ ಮಿತಿ. ಅಂದರೆ ಹಂತಕ್ಕೆ ಆರು ಅಂಕ ಎಂದರೆ ಆರು ಕೌಶಲಗಳನ್ನು ತುದಿಯವರೆಗೆ ಒಯ್ಯಬಹುದು, ಒಂದು ಅಂಕ ಎಂದರೆ ಒಂದನ್ನು ಒಯ್ಯಬಹುದು. ಬುದ್ಧಿ ಕಡಿಮೆಯಾದರೆ ಕಲಿಯುವ ವಿದ್ಯೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಆರಿಸಿಕೊಂಡ ವಿದ್ಯೆಯ ಎತ್ತರ ಕಡಿಮೆಯಾಗುವುದಿಲ್ಲ. ಕೌಶಲವನ್ನು ಪ್ರಯೋಗಿಸುವಾಗ ದಾಳದ ಸಂಖ್ಯೆಯೂ ಆ ಕೌಶಲಕ್ಕೆ ಸಂಬಂಧಿಸಿದ ಮೂಲ ಗುಣವೂ ಸೇರುವುದರಿಂದ ಫಲಿತಾಂಶ ಎಲ್ಲರಿಗೂ ಒಂದೇ ಆಗುತ್ತದೆ ಎನ್ನುವಂತಿಲ್ಲ. ಆದರೆ ಕಲಿಕೆಯ ಮಿತಿ ಒಂದೇ. ಇಷ್ಟು ವರ್ಷ ಈ ಆಟ ಗೊತ್ತಿದ್ದೂ ನಾನು ಇದನ್ನು ಬೀಜಗಣಿತವಾಗಿ ನೋಡಿರಲಿಲ್ಲ. ಸಾಮಾನ್ಯ ಅಪವರ್ತನ ತೆಗೆಯುವುದು ಯಾಕೆ ಎಂದು ಮಕ್ಕಳು ಕೇಳಿದರೆ ಇನ್ನು ಮುಂದೆ ನನ್ನ ಬಳಿ ಉತ್ತರವಿದೆ.

ಮುಂದಿನ ಘಟಕ ಪರೀಕ್ಷೆಯಲ್ಲಿ ಪವಾಡವೇನೂ ಆಗಲಿಲ್ಲ. 20ಕ್ಕೆ ಅವನಿಗೆ 9 ಬಂತು. ನಕ್ಷೆ ಸರಿ, ಸೂತ್ರಕ್ಕೆ ಬೆಲೆ ಹಾಕಿದ್ದು ಸರಿ. ಭಿನ್ನರಾಶಿ ಬಂದ ಕಡೆಯೆಲ್ಲ ಬಿಟ್ಟಿದ್ದ. ಹೆಸರು ಬರೆದಿದ್ದ.

ಭಿನ್ನರಾಶಿಯ ಕಡೆಯಿಂದ ಇನ್ನೊಂದು ನಿಯಮ ನೆನಪಾಯಿತು. 2003ರ ಆವೃತ್ತಿಯಲ್ಲಿ ಪ್ರತಿ ನಾಲ್ಕನೆಯ ಹಂತಕ್ಕೆ ಒಂದು ಮೂಲ ಗುಣವನ್ನು 1ರಷ್ಟು ಏರಿಸಿಕೊಳ್ಳಬಹುದು. ಬುದ್ಧಿ 11 ಇದ್ದವನು ನಾಲ್ಕನೆಯ ಹಂತದಲ್ಲಿ 12 ಮಾಡಿಕೊಂಡ ಎನ್ನೋಣ. ಅಲ್ಲಿಂದ ಮುಂದೆ ಹಂತಕ್ಕೆ ಒಂದು ಅಂಕ ಹೆಚ್ಚು ಸಿಗುತ್ತದೆ. ಹಿಂದಿನ ಮೂರು ಹಂತಗಳದ್ದು ಸಿಗುವುದಿಲ್ಲ. ಮೊದಲಿನಿಂದಲೇ 12 ಇದ್ದವನಿಗಿಂತ ಇವನು ಕೊನೆಯವರೆಗೂ 6 ಅಂಕ ಹಿಂದೆ. 2009ರಲ್ಲಿ ಬಂದ ‘ಪಾತ್‌ಫೈಂಡರ್’ ಎಂಬ ಆಟ ಇದೇ ನಿಯಮಗಳಿಂದ ಹುಟ್ಟಿದ್ದಾದರೂ ಇದನ್ನು ಬದಲಿಸಿತು. ಅಲ್ಲಿ ಬುದ್ಧಿ ಶಾಶ್ವತವಾಗಿ ಏರಿದಾಗ ದಾಟಿ ಬಂದ ಹಂತಗಳ ಬಾಕಿಯನ್ನೂ ಕೊಡುತ್ತಾರೆ.

ಆಗ ಒಂಬತ್ತರಲ್ಲಿದ್ದ ಈ ಮಕ್ಕಳು ನಾಲ್ಕನೆಯ ತರಗತಿಯ ಕೊನೆಯಲ್ಲಿದ್ದಾಗ, 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಭಿನ್ನರಾಶಿ ಗಟ್ಟಿಯಾಗಬೇಕಾದ ಕಾಲದಲ್ಲಿ ಅವರು ಮನೆಯಲ್ಲಿದ್ದರು. ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರುಗಳಲ್ಲಿ ಆನ್‌ಲೈನ್ ಪಾಠ ಹೇಗೆ ನಡೆಯಿತೆಂದು ಬರೆಯಬೇಕಾಗಿಲ್ಲ. ಆ ಬಾಕಿ ತೀರಿಸುವುದಕ್ಕೆಂದೇ ನಮ್ಮ ರಾಜ್ಯದಲ್ಲಿ 2022–23ರ ಸಾಲನ್ನು ‘ಕಲಿಕಾ ಚೇತರಿಕೆ’ಯ ವರ್ಷವಾಗಿ ನಡೆಸಿದರು. ಹಿಂದಿನ ಹಂತಗಳ ಅಂಕ ಕೊಡುವ ಪ್ರಯತ್ನ ಅದು. ತೋಟದಿಂದ ತೋಟಕ್ಕೆ, ಶಾಲೆಯಿಂದ ಶಾಲೆಗೆ ಹೋದ ಮಗುವಿಗೆ ಅದು ಎಷ್ಟು ತಲುಪಿತು ಎಂದು ನೋಡಬೇಕಾದವರು ಈಗ ಅವನ ಮುಂದೆ ನಿಂತಿರುವ ನಾವು. ಅವನು ನಿಧಾನಗತಿಯ ಕಲಿಕೆಯವನು ಎಂದಾಗ ನಾವು ಹೇಳುವುದು ಅವನ ಬುದ್ಧಿಯ ಬಗ್ಗೆಯೋ, ಅವನಿಗೆ ಬರಬೇಕಾದ ಬಾಕಿಯ ಬಗ್ಗೆಯೋ? ಪಟ್ಟಿಯಲ್ಲಿ ಎರಡಕ್ಕೂ ಒಂದೇ ಕಾಲಂ.

ಇದನ್ನು ಮಾರ್ಗದರ್ಶಕರ ಬಳಿ ಹೇಳಿದಾಗ ನಮ್ಮಿಬ್ಬರಿಗೂ ಸ್ವಲ್ಪ ವಾದವಾಯಿತು. ಮುಂದಿನ ವರ್ಷ ಹತ್ತನೆಯ ತರಗತಿಯಲ್ಲಿ ಅವನಿಗೆ ಪಾಸಿಂಗ್ ಪ್ಯಾಕೇಜ್ ಎಂದು ಈಗಲೇ ತೀರ್ಮಾನವಾದಂತಿತ್ತು. ಆಯ್ದ ಕೆಲವು ಅಧ್ಯಾಯ, ಆಯ್ದ ಕೆಲವು ಪ್ರಶ್ನೆ, ಪದೇ ಪದೇ ಅಭ್ಯಾಸ. ಅಂಕ ಕಡಿಮೆ ಬಂದವನಿಗೆ ಕಲಿಕೆಯನ್ನೂ ಕಡಿಮೆ ಕೊಡುವ ಸೂತ್ರ ಇದು, ಬುದ್ಧಿ 1ಕ್ಕೆ ಕೌಶಲ 7 ಎಂದಂತೆ ಎಂದೆ. ಅವರಿಗೆ ಬೇಸರವಾಯಿತು. "ನೀವು ನಾಲ್ಕು ತಿಂಗಳಿಗೆ ಬಂದವರು. ಅವನು ಎಸ್ಸೆಸ್ಸೆಲ್ಸಿ ಪಾಸಾಗದಿದ್ದರೆ ಜೂನ್‌ನಲ್ಲಿ ಅಪ್ಪನ ಜೊತೆ ತೋಟಕ್ಕೆ ಹೋಗ್ತಾನೆ. ನಿಮ್ಮ ಆಟದಲ್ಲಿ ಕನಿಷ್ಠ ಒಂದು ಅಂಕ ಅಂತ ಇದೆಯಲ್ಲ, ಈ ಪ್ಯಾಕೇಜು ಅದೇ. ಅದು ಇಲ್ಲದಿದ್ದರೆ ಮೈನಸ್ಸು" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಅವರು ಹೇಳಿದ್ದು ತಪ್ಪೆಂದು ಅನ್ನಿಸುವುದಿಲ್ಲ. ಕನಿಷ್ಠವನ್ನು ಕಾಯುವವರು ಇರಬೇಕು. ಆದರೆ ಆಟದ ಆ ಒಂದು ಅಂಕವನ್ನು ಎಲ್ಲಿ ಹಾಕಬೇಕೆಂದು ಪಾತ್ರವೇ ಆರಿಸುತ್ತದೆ, ಮಿತಿಯ ತನಕ ಒಯ್ಯುತ್ತದೆ. ಪ್ಯಾಕೇಜಿನಲ್ಲಿ ಅದನ್ನು ಹತ್ತು ಕಡೆ ಚೂರುಚೂರು ಹಂಚಿ, ಯಾವುದೂ ಪೂರ್ತಿ ಬಾರದಂತೆ ಮಾಡುತ್ತೇವೆ. ಅಷ್ಟನ್ನು ಅವರೂ ಒಪ್ಪಿದರು.

ಮೂಡಿಗೆರೆಯಲ್ಲಿ ಬೆಳೆದವರಿಗೆ ತೇಜಸ್ವಿಯವರ ‘ಕರ್ವಾಲೊ’ವಿನ ಮಂದಣ್ಣ ಗೊತ್ತು. ಊರಿಗೆ ಕೆಲಸಕ್ಕೆ ಬಾರದವನಾಗಿ ಕಂಡವನಲ್ಲಿ ವಿಜ್ಞಾನಿಯೊಬ್ಬರು ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುತ್ತಾರೆ. ಬಿ.ಇಡಿ. ತರಗತಿಯಲ್ಲಿ ಗಾರ್ಡ್ನರ್ ಅವರ ಬಹುಮುಖ ಬುದ್ಧಿಶಕ್ತಿಯ ಪಾಠ ಬಂದಾಗ ನಾವೆಲ್ಲ ಮಂದಣ್ಣನ ಉದಾಹರಣೆ ಕೊಟ್ಟು ಬರೆದವರೇ. ಈ ಹುಡುಗನನ್ನೂ ಅಂಥ ಮಂದಣ್ಣನನ್ನಾಗಿ ಮಾಡಿ ಈ ಲೇಖನ ಮುಗಿಸಲು ನನಗೆ ಆಸೆಯಾಗಿತ್ತು. ಆದರೆ ಅವನು ಅಡಗಿ ಕುಳಿತ ಪ್ರತಿಭೆ ಎಂಬುದಕ್ಕೆ ನನ್ನ ಬಳಿ ಆಧಾರವಿಲ್ಲ. ಹಾಗಿರಬೇಕಾಗಿಯೂ ಇಲ್ಲ. ಪ್ರತಿಭೆ ಕಂಡರೆ ಮಾತ್ರ ಗೌರವ ಕೊಡುತ್ತೇವೆ ಎಂದರೆ ಅದೂ ಚೀಟಿ ಎತ್ತಿದ ಹಾಗೆಯೇ. ಅವನಿಗೆ ಬೇಕಾದದ್ದು ಭಿನ್ನರಾಶಿ.

ಉಳಿದ ದಿನಗಳಲ್ಲಿ ಮಧ್ಯಾಹ್ನದ ಊಟದ ಬಳಿಕ ಇಪ್ಪತ್ತು ನಿಮಿಷ ಅವನೂ ಇನ್ನು ನಾಲ್ಕು ಮಕ್ಕಳೂ ಭಿನ್ನರಾಶಿ ಮಾಡಿದರು. ಬೇರೇನೂ ಇಲ್ಲ, ಅದೊಂದೇ. ಪಟ್ಟಿಯ ನನ್ನ ಪ್ರತಿಯಲ್ಲಿ ಒಂದು ಕಾಲಂ ಸೇರಿಸಿದೆ: ‘ಯಾವ ಹಂತದಲ್ಲಿ ತಪ್ಪಿದೆ’. ಅವನ ಹೆಸರಿನ ಮುಂದೆ ‘5ನೇ ತರಗತಿ, ಸಮಾನ ಭಿನ್ನರಾಶಿ’ ಎಂದು ಬರೆದೆ. ಅಂಥ ಬರಹವನ್ನು ಓದಿದ ಮುಂದಿನ ಶಿಕ್ಷಕರಿಗೆ ನಾಳೆ ಏನು ಮಾಡಬೇಕೆಂದು ತಿಳಿಯುತ್ತದೆ. ‘ನಿಧಾನಗತಿ’ ಎಂದಷ್ಟೇ ಬರೆದರೆ ತಿಳಿಯುವುದಿಲ್ಲ.

ಈ ಪಾಠ ಮಾಡಬಯಸುವವರಿಗೆ ಕೆಲವು ಸೂಚನೆ. ಮಕ್ಕಳಿಗೇ ಬುದ್ಧಿಯ ಅಂಕ ಹಂಚಬೇಡಿ, ಆಟಕ್ಕೂ ಬೇಡ. ಚಾರ್ಟಿನ ಪಾತ್ರಗಳಿಗೆ ಹಾಕಿ. ಫಾಲ್‌ಔಟ್ ಸೂತ್ರ ಸಮೀಕರಣ ಬರೆಯುವುದಕ್ಕೆ, ನಕ್ಷೆಗೆ ಸಾಕು, ಸಹಗುಣಕದಷ್ಟೇ ಹೊತ್ತನ್ನು ಸ್ಥಿರಾಂಕಕ್ಕೂ ಕೊಡಿ. ಋಣ ಭಿನ್ನವನ್ನು ಕೆಳಗಿನ ಪೂರ್ಣಾಂಕಕ್ಕೆ ಇಳಿಸುವಾಗ ಉದ್ದಕ್ಕೆ ನಿಲ್ಲಿಸಿದ ಸಂಖ್ಯಾರೇಖೆ ಬಳಸಿ. ಅ × (ಹ + 3)ನ್ನು ನೀವೇ ಹೇಳಿಬಿಡಬೇಡಿ, ಎರಡು ಸಾಲು ಬರೆಸಿ ಕಾಯಿರಿ. ಎರಡು ಅವಧಿ ಬೇಕಾಗುತ್ತದೆ.

ಕೊನೆಯ ದಿನ ಹೆಸರಿಲ್ಲದ ಆ ಹಾಳೆಯನ್ನು ಅವನಿಗೆ ಹಿಂತಿರುಗಿಸಿದೆ. "ಆವತ್ತು ನಾನು ನಗಬಾರದಿತ್ತು" ಎಂದೆ. ಅವನು ಏನೂ ಹೇಳಲಿಲ್ಲ. ಹಾಳೆಯನ್ನು ನೋಡಿ, "ಬಿಂದು ಎಲ್ಲ ಸರಿ ಇದೆ ಅಲ್ವಾ ಸರ್?" ಎಂದ. ಎಲ್ಲ ಸರಿ ಇದೆ ಎಂದೆ. ಮಡಿಸಿ ಪುಸ್ತಕದೊಳಗಿಟ್ಟುಕೊಂಡು ಹೋದ.